ಅಪ್ಪ ಅಪ್ಪನ ಹಾಗೇ ಇದ್ದಾರೆ, ಸೀಲು ಬಿದ್ದಿದೆ

ನಮ್ಮ ಕಾಸರಗೋಡಿನಲ್ಲಿ ಒಂದು ಇನ್ನೊಂದರ ಹಾಗೆ ಉಂಟು ಅಂತ ಹೇಳಲು ಪದಗಳಿಗೆ ಬರವಿಲ್ಲ. ಮಗು ಅಪ್ಪನನ್ನು ಹೋಲಿದರೆ ಕನ್ನಡದಲ್ಲಿ ‘ಅಪ್ಪನ ಹಾಗೆ’, ಹವ್ಯಕರ ಮನೆಯಲ್ಲಿ ‘ಅಪ್ಪನ ಹಾಂಗೆ’, ತುಳುವಿನಲ್ಲಿ ‘ಅಮ್ಮೆರೆ ಲೆಕ್ಕ’, ಮಲಯಾಳದಲ್ಲಿ ‘ಅಚ್ಛನೆ ಪೋಲೆ’. ಬೆಂಗಳೂರಿನಿಂದ ರಜೆಗೆ ಬಂದವರು ಜೊತೆಗೊಂದು ‘ಥರ’ ತರುತ್ತಾರೆ. ತೊಟ್ಟಿಲ ಸುತ್ತ ಐದು ಜನ ಐದು ಪದ ಹೇಳಿದರೂ ಮೂಗು ಒಂದೇ, ಯಾರೂ ದಾಖಲೆ ಕೇಳುವುದಿಲ್ಲ.

ಕೇಳುವುದು ಮಗುವಿಗೆ ಎಪ್ಪತ್ತು ದಾಟಿದ ಮೇಲೆ.

ಹೋದ ವರ್ಷ ನಮ್ಮ ಮನೆಯಲ್ಲಿ ಜಾಗ ಪಾಲು ಮಾಡುವ ಮಾತು ಬಂತು. ನೋಡಿದರೆ ಜಾಗದ ಆಧಾರದಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಅಪ್ಪನ ಹೆಸರಿನ ಕೊನೆಗೆ ಒಂದು ‘ನ್’ ಉಂಟು, ಆಧಾರ್ ಕಾರ್ಡಿನಲ್ಲಿ ಇಲ್ಲ. (ಆಧಾರಕ್ಕೂ ಆಧಾರಿಗೂ ಹೊಂದಾಣಿಕೆ ಇಲ್ಲದಿದ್ದರೆ ಮನುಷ್ಯ ಯಾವ ಆಧಾರದ ಮೇಲೆ ನಿಲ್ಲಬೇಕೋ.) ಈ ‘ನ್’ಗೆ ಮಲಯಾಳ ಲಿಪಿಯಲ್ಲಿ ಬೇರೆಯೇ ಅಕ್ಷರ ಉಂಟು, ಚಿಲ್ಲು ಅಂತಾರೆ. ಸ್ವರದ ಹಂಗಿಲ್ಲದೆ ಒಂಟಿಯಾಗಿ ನಿಲ್ಲುವ ವ್ಯಂಜನ. ‘ಅ’ದಲ್ಲಿ ಮುಗಿಯುವ ಕನ್ನಡದ ಗಂಡು ಹೆಸರು ಮಲಯಾಳದ ಕಿವಿಗೆ ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೋ ಏನೋ, ಆಧಾರ ಬರೆದ ಪುಣ್ಯಾತ್ಮ ಪ್ರೀತಿಯಿಂದಲೇ ಒಂದು ಬಾಲ ಸೇರಿಸಿದ್ದ. ಮಂಜೇಶ್ವರಕ್ಕೆ ‘ಮಂಜೇಶ್ವರಂ’ ಅಂತ ಬಾಲ ಬಂದ ಊರಲ್ವಾ ಇದು, ಅಪ್ಪನನ್ನು ಬಿಡುತ್ತಾರಾ?

ಸರಿ, ‘ಒನ್ ಆಂಡ್ ಸೇಮ್ ಸರ್ಟಿಫಿಕೇಟ್’ ತನ್ನಿ ಅಂದರು. ನಾನು ಕಟ್ಟಿದ ಕಥೆ ಅಲ್ಲ ಮಾರಾಯ್ರೆ, ಕೇರಳದಲ್ಲಿ ವಿಲ್ಲೇಜ್ ಆಫೀಸಿನಿಂದ ನಿಜವಾಗಿ ಕೊಡುವ ಕಾಗದ ಅದು. ‘ನ್’ ಇರುವ ಅಪ್ಪ, ‘ನ್’ ಇಲ್ಲದ ಅಪ್ಪ ಇಬ್ಬರೂ ಒಬ್ಬನೇ ಅಂತ ಸರಕಾರ ಒಪ್ಪಿಕೊಳ್ಳುವ ಪತ್ರ.

ಶಾಲೆಯಲ್ಲಿ ಕನ್ನಡ ಮಾಸ್ತರರು ಉಪಮಾಲಂಕಾರಕ್ಕೆ ನಾಲ್ಕು ಅಂಗ ಅಂತ ಬಾಯಿಪಾಠ ಮಾಡಿಸಿದ್ದರು. ಮುಖ ಚಂದ್ರನಂತೆ ಹೊಳೆಯಿತು ಅಂದರೆ ಮುಖ ಉಪಮೇಯ, ಚಂದ್ರ ಉಪಮಾನ, ಹೊಳೆಯುವುದು ಸಮಾನಧರ್ಮ, ‘ಅಂತೆ’ ಉಪಮಾವಾಚಕ. ಇಷ್ಟು ಸಾವಿರ ವರ್ಷದಲ್ಲಿ ಯಾವ ಕವಿಯ ಹತ್ತಿರವೂ ಚಂದ್ರನ ಅಟೆಸ್ಟೆಡ್ ಕಾಪಿ ಯಾರೂ ಕೇಳಲಿಲ್ಲ. ಪುಸ್ತಕದ ಕೊನೆಗೆ ಅನನ್ವಯ ಅಂತ ಇನ್ನೊಂದು ಅಲಂಕಾರ ಇತ್ತು, ವಸ್ತುವನ್ನು ಅದಕ್ಕೇ ಹೋಲಿಸುವುದು. ರಾಮ ರಾವಣರ ಯುದ್ಧ ಹೇಗಿತ್ತು? ರಾಮ ರಾವಣರ ಯುದ್ಧದ ಹಾಗೇ ಇತ್ತು. ಎರಡು ಮಾರ್ಕಿಗೆ ಬಿಟ್ಟರೆ ಇದು ಯಾವ ಉಪಯೋಗಕ್ಕೂ ಇಲ್ಲ ಅಂದುಕೊಂಡಿದ್ದೆ. ತಪ್ಪಾಯಿತು. ಉಪಮೇಯ ಅಪ್ಪ, ಉಪಮಾನ ಅಪ್ಪ, ಸಮಾನಧರ್ಮ ಮೊಣಗಂಟು ನೋವು, ಉಪಮಾವಾಚಕ ನೇರಳೆ ಬಣ್ಣದ ಸೀಲು.

ಅರ್ಜಿ ತುಂಬಿಸಲು ಕೂತೆ. ನಮ್ಮ ಕಡೆ ‘ನಮೂನೆ’ ಅಂದರೂ ‘ಹಾಗೆ’ ಅಂತಲೇ ಅರ್ಥ, ಹುಚ್ಚರ ನಮೂನೆ ಮಾಡಬೇಡ ಅಂತ ಬೈಯುತ್ತೇವೆ. ಅರ್ಜಿಗೂ ನಮೂನೆ ಅಂತಲೇ ಯಾಕೆ ಅನ್ನುತ್ತಾರೆ ಅಂತ ಅವತ್ತು ಗೊತ್ತಾಯಿತು.

ವಿಚಾರಣೆಗೆ ನೆರೆಮನೆಯವರನ್ನೂ ಕರೆದುಕೊಂಡು ಹೋದೆವು, ಐವತ್ತು ವರ್ಷದಿಂದ ಅಪ್ಪನ ಸಂಚಿಯಿಂದ ಎಲೆ ಅಡಿಕೆ ಹಾಕುವ ಮನುಷ್ಯ. ಇವರು ಅವರೇನಾ ಅಂತ ಕೇಳಿದರೆ ಪುಣ್ಯಾತ್ಮ ಕನ್ನಡಕ ಹಣೆಗೇರಿಸಿ ಅಪ್ಪನ ಮುಖವನ್ನು ಪೇಟೆಯಲ್ಲಿ ಅಡಿಕೆ ನೋಡುವ ಹಾಗೆ ತಿರುಗಿಸಿ ನೋಡಿದರು. “ಇವರೇ. ಆದ್ರೆ ಮೊದಲು ಸ್ವಲ್ಪ ಬೆಳ್ಳಗಿದ್ದರು.” ಅದನ್ನು ಬರೆದುಕೊಳ್ಳಲಿಲ್ಲ, ನಮ್ಮ ಪುಣ್ಯ.

ನಮ್ಮ ಮನೆಗೆ ಮಾತ್ರ ಇಂಥ ಸರ್ಟಿಫಿಕೇಟ್ ಬೇಕಾಗಲಿಲ್ಲ ನೋಡಿ. ಅಪ್ಪ 1950ರಲ್ಲಿ ಅದರ ನಡುಕೋಣೆಯಲ್ಲಿ ಹುಟ್ಟುವಾಗ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು, ಮೊದಲು ಮಲಬಾರ್ ಜಿಲ್ಲೆ, ಆಮೇಲೆ ಕಣ್ಣೂರು ಜಿಲ್ಲೆ, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಒಂದು ಹಂಚು ಕೂಡ ಅಲುಗಾಡದೆ ಎರಡು ರಾಜ್ಯ, ನಾಲ್ಕು ಜಿಲ್ಲೆ. ಅದು ಅದೇ ಮನೆಯಾ ಅಂತ ಯಾರೂ ಕೇಳಲಿಲ್ಲ.

ಇನ್ನೊಂದು ಕಡೆ ಇದೇ ಸರಕಾರಿ ಕಣ್ಣು ಎಷ್ಟು ಉದಾರ ಅಂದರೆ, ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಟೀಚರ್ ಬಂದು ನಿಲ್ಲುವುದು ಇಲ್ಲಿ ಒಂದೆರಡು ಸಲ ಆದದ್ದಲ್ಲ. ಮಕ್ಕಳು ಕಣ್ಣು ಬಿಟ್ಟು ಕೂತಿರುತ್ತಾರೆ. ಹೋಗಿ ಕೇಳಿದರೆ, ಮಲಯಾಳವೂ ಕನ್ನಡದ ಹಾಗೇ ಅಲ್ವಾ, ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತದೆ! ಹೌದು, ಹತ್ತಿರದ್ದೇ. ನಮ್ಮ ‘ಹೋಲು’, ಅವರ ‘ಪೋಲೆ’ ಒಂದೇ ಬೇರಿನವು, ಹಳೆಗನ್ನಡದ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ನಮ್ಮಲ್ಲಿ ಪಕಾರ ಹಕಾರ ಆಯಿತು ಅಷ್ಟೆ. ಆದರೆ ಬೇರು ಒಂದೇ ಅಂತ ಏಳನೇ ಕ್ಲಾಸಿನ ಮಗುವಿಗೆ ಬೀಜಗಣಿತ ತಿಳಿಯುತ್ತದಾ? ಎರಡು ಭಾಷೆಯ ನಡುವೆ ವ್ಯತ್ಯಾಸ ಕಾಣದ ಕಣ್ಣಿಗೆ ಅಪ್ಪನ ಬಾಲದ ‘ನ್’ ಮಾತ್ರ ಒಂದು ಮೈಲಿಯಿಂದ ಕಂಡಿತು.

ಸಿಂಗಾಪುರದ ಹಾಗೆ ಮಾಡುತ್ತೇವೆ ಅಂತ ಎಲ್ಲ ಪಕ್ಷದವರೂ ಎಲ್ಲ ಊರಿಗೂ ಹೇಳಿದ್ದಾಯಿತು, ಅವರಿಗೆ ಯಾವ ನಮೂನೆಯೂ ಇಲ್ಲ.

ಮೂರು ಸಲ ಓಡಾಡಿದ ಮೇಲೆ ಸರ್ಟಿಫಿಕೇಟ್ ಸಿಕ್ಕಿತು. ಅಪ್ಪನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎಂತ ಬರೆದಿದ್ದಾರೆ ಅಂತ ಕೇಳಿದರು.

“ನೀವು ನೀವೇ ಅಂತ.”

“ಹೌದಾ?” ಅಂದರು. ಒಳಗೆ ಹೋಗಿ ಹಳೇ ಬಿಸ್ಕತ್ತಿನ ಡಬ್ಬಿ ತಂದು, ಅದರೊಳಗಿನ ತೀರ್ವೆ (ಭೂಕಂದಾಯ) ರಶೀದಿಗಳ ಕಟ್ಟನ್ನು ಮೇಜಿನ ಮೇಲೆ ಇಟ್ಟರು. “ಇದನ್ನು ಕಟ್ಟಿಸಿಕೊಳ್ಳುವಾಗ ಒಬ್ಬನಾದರೂ ಕೇಳಿದ್ದನಾ?”