ಆಸ್ಕರ್ ಜೊತೆ ಗೋಲ್ಡ್ ಫಿಶ್: ಒಂದು ಸ್ಪಷ್ಟನೆ

"ಆಸ್ಕರ್ ಮರಿಯನ್ನು ಗೋಲ್ಡ್ ಫಿಶ್, ಗಪ್ಪಿಗಳ ಜೊತೆ ಚಿಕ್ಕಂದಿನಿಂದಲೇ ಬೆಳೆಸಿದರೆ ಹೊಂದಿಕೊಂಡು ಹೋಗುತ್ತದೆ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಅದನ್ನು ನಂಬಿ ಮೀನು ತರಬೇಡಿ.

ಆಸ್ಕರ್ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ಅಂಗಡಿಯಲ್ಲಿ ಬೆರಳುದ್ದದ ಮರಿ ಮುದ್ದಾಗಿ ಕಾಣುತ್ತದೆ, ನಿಜ. ಆದರೆ ಒಂದು ವರ್ಷದಲ್ಲೇ 20 ಸೆಂಟಿಮೀಟರ್ ದಾಟಬಹುದು, ಆಮೇಲೆ 30ರ ಹತ್ತಿರ ಹೋಗುತ್ತದೆ. ಬಾಯಿಗೆ ಹಿಡಿಸುವ ಮೀನೆಲ್ಲ ಅದಕ್ಕೆ ಊಟವೇ. ಜೊತೆಗೆ ಬೆಳೆದದ್ದು ಅಂತ ಬಿಡುವುದಿಲ್ಲ. ನಿಧಾನವಾಗಿ ಈಜುವ ಗೋಲ್ಡ್ ಫಿಶ್‌ಗೆ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಅದಕ್ಕೆ ತಂಪು ನೀರು ಬೇಕು, ಆಸ್ಕರ್‌ಗೆ 24ರಿಂದ 28 ಡಿಗ್ರಿ. ಜೊತೆಗೆ, ಗೋಲ್ಡ್ ಫಿಶ್‌ನಲ್ಲಿ ವಿಟಮಿನ್ ಬಿ1 ಕೆಡಿಸುವ ಕಿಣ್ವ ಇದೆ. ಪದೇ ಪದೇ ತಿಂದರೆ ಆಸ್ಕರ್‌ಗೇ ಕಾಯಿಲೆ.

ಹಾಗಾದರೆ ಆಸ್ಕರ್ ಜೊತೆಗೆ ಯಾವ ಮೀನು ಸರಿ? ನನ್ನ ಆಯ್ಕೆ ಸಿಲ್ವರ್ ಡಾಲರ್ ಎಂಬ ಮೀನು. ಅಗಲ ಮೈ, ಚುರುಕು ಈಜು, ಬಾಯಿಗೆ ಸುಲಭವಾಗಿ ಸಿಗುವುದಿಲ್ಲ. ಐದಾರು ಇರಲಿ, ಒಂಟಿಯಾದರೆ ಹೆದರುತ್ತವೆ. ದೊಡ್ಡ ಸೆವೆರಮ್ ಮೀನು ಕೂಡ ಆಗಬಹುದು. ತರುವಾಗಲೇ ಆಸ್ಕರ್‌ನಷ್ಟು ದಪ್ಪ ಇರಬೇಕು.

ಆದರೆ ಇದಕ್ಕೆಲ್ಲ ಜಾಗ ಬೇಕಲ್ವಾ? ಒಂದೇ ಆಸ್ಕರ್‌ಗೆ 280 ಲೀಟರ್ ತೊಟ್ಟಿ ಬೇಕು, ಜೊತೆಗಾರರಿದ್ದರೆ ಇನ್ನೂ ಜಾಸ್ತಿ. ಮೊಟ್ಟೆ ಇಡುವ ಸಮಯದಲ್ಲಂತೂ ಸಾಧು ಆಸ್ಕರ್ ಕೂಡ ಮೈಮೇಲೆ ಬೀಳುತ್ತದೆ. ಅದಕ್ಕೆ ಇನ್ನೊಂದು ತೊಟ್ಟಿ ಸಿದ್ಧವಿರಲಿ. ಅಷ್ಟು ಜಾಗ ಇಲ್ಲದಿದ್ದರೆ ಆಸ್ಕರ್ ಒಂದೇ ಇರಲಿ, ಅದಕ್ಕೇನೂ ಬೇಸರವಿಲ್ಲ.