ರಾಫ್ಟ್ ಹೊರುವವರನ್ನು ಮರೆಯಬೇಡಿ

ಗೆಳೆಯರೆಲ್ಲ ಸೇರಿ ವಿಕ್ಟೋರಿಯಾ ಜಲಪಾತದ ಕೆಳಗೆ ಜಾಂಬೆಜಿ ನದಿಯಲ್ಲಿ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿಯ ಸವಾರಿ) ಮಾಡಿದ ನಿಮ್ಮ ಬರಹ ಓದಿ ಮೈ ಜುಮ್ಮೆಂದಿತು. ನಾವೂ ಆ ನದಿ ಹರಿಯುವ ಅದೇ ಬಟೋಕಾ ಕಮರಿಗೆ ಇಳಿದಿದ್ದೆವು. ನೀರು ಬಂಡೆಗಳ ನಡುವೆ ಭೋರ್ಗರೆದು ನುಗ್ಗುವ ಒಂಬತ್ತನೇ ನಂಬರಿನ ರ‍್ಯಾಪಿಡ್ ಬಂದಾಗ ಅಪಾಯವೆಂದು ದಡಕ್ಕಿಳಿಸಿ ನಡೆಸುತ್ತಾರೆ, ಅಲ್ವಾ? ಬಿಸಿಲಿಗೆ ಕಾದ ಆ ಕಪ್ಪು ಬಂಡೆ, ಕೈ ಇಟ್ಟರೆ ಚುರುಕ್ ಅನ್ನುತ್ತದೆ.

ಆದರೆ ರಾಫ್ಟ್ ಹೊರುವ ಊರಿನವರ ಮಾತೇ ನಿಮ್ಮ ಬರಹದಲ್ಲಿಲ್ಲ. ಕೊನೆಗೆ ನಾವೆಲ್ಲ ಏದುಸಿರು ಬಿಡುತ್ತಾ ಕಡಿದಾದ ದಾರಿ ಹತ್ತುತ್ತಿದ್ದರೆ, ಅವರು ಅಷ್ಟು ಭಾರ ಹೆಗಲಿಗೇರಿಸಿಕೊಂಡು ನಮ್ಮನ್ನು ದಾಟಿ ಹೋದರು. ಅವರ ಬಗ್ಗೆ ಖಂಡಿತ ಬರೆಯಬೇಕಿತ್ತು.

ಅಲ್ಲಿ 2,400 ಮೆಗಾವ್ಯಾಟಿನ ಅಣೆಕಟ್ಟಿನ ಯೋಜನೆಯೂ ಇದೆ. ನದಿಯ ಎರಡು ದಡದ ಜಾಂಬಿಯಾ, ಜಿಂಬಾಬ್ವೆ ಎರಡಕ್ಕೂ ಕರೆಂಟ್ ಬೇಕು, ನಿಜ. ಆದರೆ ಕಟ್ಟಿದರೆ ಈ ರ‍್ಯಾಪಿಡ್‌ಗಳಲ್ಲಿ ಜಾಸ್ತಿ ಪಾಲು ಮುಳುಗುತ್ತವೆ, ರಾಫ್ಟ್ ಹೊರುವವರ ದುಡಿಮೆಯೂ ಹೋಗುತ್ತದೆ. ಹೋಗುವ ಆಸೆ ಇರುವವರು ನೀರು ಇಳಿದಿರುವ ಆಗಸ್ಟ್–ಡಿಸೆಂಬರ್ ನಡುವೆ ಹೋಗಿ ಬನ್ನಿ.