ಟೋಪಿಯೊಳಗಿನ ಮಲ್ಲಿಗೆ

ಮೊದಲೆಲ್ಲ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರು ಕಂಡರೆ 'ಅಯ್ಯೋ ಪಾಪ' ಅನ್ನುತ್ತಿದ್ದೆವು. ಗಾಡಿ ನಿಲ್ಲಿಸಿ, 'ನೀರೇನಾದ್ರೂ ಬೇಕಿತ್ತಾ?' ಅಂತ ಕೇಳುತ್ತಿದ್ದೆವು. ಈಗ ಹಾಗೆ ಕೇಳಿದರೆ ಅವಮಾನ ಮಾಡಿದ ಹಾಗೆ. ಅದು ಕೆಟ್ಟು ನಿಂತ ಕಾರಲ್ಲ, ವಸ್ತುಪ್ರದರ್ಶನ. ಬಾನೆಟ್ ಎತ್ತಿದವನಿಗೆ ಬೇಕಾಗಿರುವುದು ನೀರಲ್ಲ, ನಮ್ಮ ಬಾಯಿಂದ ಹೊರಡುವ ಒಂದು 'ಆಹಾ'.

ಹೋದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿ, ತಕ್ಷಣ ಕೆಳಗೆ ಬಾ ಅಂದ. ಹೋದೆ. ಬಾನೆಟ್ ಆಗಲೇ ಎದ್ದು ನಿಂತಿತ್ತು. ಇವನು ಹಳದಿ ಮೈಕ್ರೋಫೈಬರ್ ಬಟ್ಟೆ ಹಿಡಿದು, ಮಗುವಿನ ಮೂಗು ಒರೆಸುವ ಹಾಗೆ, ಬಹಳ ಅಕ್ಕರೆಯಿಂದ ಏನನ್ನೋ ಒರೆಸುತ್ತಿದ್ದ. ಸ್ಪಾರ್ಕ್ ಪ್ಲಗ್ ಕವರ್. ಒಂದೂವರೆ ಗೇಣು ಉದ್ದ, ಮೂರು ಬೆರಳು ಅಗಲದ ಅಲ್ಯೂಮಿನಿಯಂ ಪಟ್ಟಿ. ನೇರಳೆ ಬಣ್ಣ. ಅದರ ಮೇಲೆ ಲೇಸರಿನಲ್ಲಿ ಕೊರೆದ ಅವನದೇ ಹೆಸರು. ಹೆಸರಿನ ಆಚೆ ಈಚೆ ಒಂದೊಂದು ಹುಲಿ.

'ಹೇಗಿದೆ ಗುರು?'

ಚೆನ್ನಾಗಿದೆ ಅಂದೆ. ಮುಟ್ಟಲು ಹೋದೆ. 'ಏ, ಬೆರಳಚ್ಚು ಬೀಳುತ್ತೆ' ಅಂತ ಕೈ ತಳ್ಳಿದ.

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಅಂತ ನೀವು ಗಾದೆ ತೆಗೆಯುವ ಮುಂಚೆ ಒಂದು ಮಾತು. ಜುಟ್ಟಿನ ಮಲ್ಲಿಗೆ ಊರಿಗೆಲ್ಲ ಕಾಣುತ್ತದೆ. ಹಿಂದೆ ನಡೆಯುವವನಿಗೆ ಪರಿಮಳವಾದರೂ ಬರುತ್ತದೆ. ಇದು ಹಾಗಲ್ಲ. ಮಲ್ಲಿಗೆ ಮುಡಿದು ಅದರ ಮೇಲೆ ಟೋಪಿ ಹಾಕಿಕೊಳ್ಳುವ ಶೋಕಿ. ಪ್ಲಗ್ಗಿನ ಮೇಲೆ ಕವರ್, ಕವರಿನ ಮೇಲೆ ಬಾನೆಟ್. ಆಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಟೋಪಿ ಎತ್ತಿ ಎತ್ತಿ ತೋರಿಸುವುದು.

ಅದರಡಿ ಕೂತಿರುವ ಪ್ಲಗ್ಗಿನ ಪಾಡು ನೋಡಿ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20,000 ವೋಲ್ಟಿಗೂ ಮೇಲೆ ಏರಿಸಿ ಅದರ ತಲೆಗೆ ಕೊಡುತ್ತದೆ. ತುದಿಯಲ್ಲಿ ಹೆಚ್ಚುಕಡಿಮೆ 1 ಮಿಲಿಮೀಟರ್ ಸಂದಿ. ಪೆಟ್ರೋಲು ಹತ್ತಿಕೊಳ್ಳಬೇಕಾದರೆ ಅಲ್ಲಿ ಕಿಡಿ ಹಾರಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಈ ಕೆಲಸ ಮಾಡುತ್ತದೆ. ಕೆಳಗೆ ಬೆಂಕಿ, ಸುತ್ತ ಪೆಟ್ರೋಲು, ರಜೆ ಇಲ್ಲ. ಅದಕ್ಕೆ ಹುಲಿ ಇಲ್ಲ, ಹೆಸರೂ ಇಲ್ಲ. ದುಡಿಯುವವನು ಗುಂಡಿಯೊಳಗೆ, ಹೆಸರು ಮುಚ್ಚಳದ ಮೇಲೆ. ಇದನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿದರೆ ಅದು ನಿಮ್ಮ ಆಫೀಸಿನ ತಪ್ಪು, ನನ್ನದಲ್ಲ.

ಇನ್ನೂ ಒಂದು ತಮಾಷೆ ಇದೆ. ಈ ಕವರ್ ಕಾಣಲಿ ಅಂತ ಅವನು ಕಂಪನಿಯವರು ಹಾಕಿದ್ದ ದೊಡ್ಡ ಪ್ಲಾಸ್ಟಿಕ್ ಕವರನ್ನು ಕಿತ್ತು ಹಾಕಿದ್ದಾನೆ. ಅಂದರೆ ಮುಚ್ಚಳ ತೋರಿಸಲು ಮುಚ್ಚಳ ತೆಗೆದಿದ್ದು. ಆ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಸದ್ದು ಹೀರುವ ಸ್ಪಂಜು ಇತ್ತು. ಅದು ಹೋದ ಮೇಲೆ ಎಂಜಿನ್ ಹಳೇ ಟೈಪ್‌ರೈಟರಿನ ಹಾಗೆ ಟಕಟಕ ಅನ್ನುತ್ತಿದೆ. 'ಕೇಳಿಸ್ಕೊ, ರೇಸ್ ಸೌಂಡು' ಅಂದ. ಕೇಳಿಸಿಕೊಂಡೆ.

ರೇಸ್ ಅಂದಾಗ ನೆನಪಾಯಿತು. 1950ರ ದಶಕದಲ್ಲಿ ಫೆರಾರಿಯವರು ತಮ್ಮ ರೇಸ್ ಕಾರಿನ ಕ್ಯಾಮ್ ಕವರುಗಳಿಗೆ, ಅಂದರೆ ಎಂಜಿನ್ನಿನ ತಲೆಯ ಮುಚ್ಚಳಗಳಿಗೆ, ಕೆಂಪು ಬಳಿದರು. ಕಾರಿಗೆ ಟೆಸ್ಟಾ ರೊಸ್ಸಾ ಅಂತಲೇ ಹೆಸರು ಬಿತ್ತು. ಇಟಾಲಿಯನ್ನಿನಲ್ಲಿ ಕೆಂಪು ತಲೆ ಅಂತ. 250 ಟೆಸ್ಟಾ ರೊಸ್ಸಾ 1958ರಲ್ಲಿ ಲೆ ಮಾನ್ಸಿನ 24 ಗಂಟೆಯ ರೇಸ್ ಗೆದ್ದಿತು. ಜನ ಇದರಿಂದ ಕಲಿತ ಪಾಠ ಏನು? ಎಂಜಿನ್ ಚೆನ್ನಾಗಿರಬೇಕು ಅಂತಲಾ? ಛೆ ಛೆ. ಕೆಂಪು ಬಳಿಯಬೇಕು ಅಂತ. ಹೋಂಡಾದವರು ಟೈಪ್ ಆರ್ ಅನ್ನುವ ವೇಗದ ಕಾರುಗಳಿಗೆ ಕೆಂಪು ಕವರ್ ಕೊಟ್ಟ ಮೇಲಂತೂ ಕೇಳುವುದೇ ಬೇಡ. ತರಕಾರಿ ತರಲು ಹೋಗುವ ಕಾರಿನ ತಲೆಯೂ ಕೆಂಪು. ಬಣ್ಣದಿಂದ ಐದಾದರೂ ಹಾರ್ಸ್‌ಪವರ್ ಜಾಸ್ತಿ ಆಗುತ್ತೆ ಅಂತ ಒಬ್ಬ ನನಗೆ ಮುಖ ಗಂಟಿಕ್ಕಿಕೊಂಡೇ ಹೇಳಿದ. ನನ್ನ ಗೆಳೆಯನದು ನೇರಳೆ. ಎಷ್ಟು ಕುದುರೆ ಬಂದವೋ ಕೇಳಲು ಮರೆತೆ.

ಅಂದಕ್ಕೆ ನಾನೇನೂ ವಿರೋಧಿಯಲ್ಲ. ಮೆಕ್‌ಲಾರೆನ್ ಎಫ್1 ಅನ್ನುವ ರಸ್ತೆ ಕಾರಿನ ಎಂಜಿನ್ ಗೂಡಿಗೆ ಒಳಗಡೆ ಚಿನ್ನದ ತಗಡು ಅಂಟಿಸಿದ್ದರು. ಸುಮಾರು 16 ಗ್ರಾಂ ಅಪ್ಪಟ ಚಿನ್ನ. ನೋಡಲು ಗರ್ಭಗುಡಿ. ಆದರೆ ಅದು ಮೆರೆಯಲು ಹಾಕಿದ್ದಲ್ಲ. ಎಂಜಿನ್ನಿನ ಶಾಖವನ್ನು ಚಿನ್ನ ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ, ಅದಕ್ಕೆ ಹಾಕಿದ್ದು. ಕೆಲಸ ಮಾಡುವ ಚಿನ್ನ. ನಮ್ಮ ಕಡೆಯವರು ಅದನ್ನು ನೋಡಿ ಚಿನ್ನದ ಬಣ್ಣದ ಸ್ಟಿಕ್ಕರ್ ತಂದರು. ಅದು ಎರಡೇ ಬೇಸಿಗೆಗೆ ಸುಕ್ಕುಗಟ್ಟಿ ಫ್ಯಾನ್ ಬೆಲ್ಟಿನ ಹತ್ತಿರ ಜೋತಾಡುತ್ತದೆ.

ಈ ಗೆಳೆಯನ ಕವರ್ ನೋಡಿ ಇನ್ನೊಬ್ಬನಿಗೂ ಆಸೆ ಹುಟ್ಟಿತು. ಅವನದು ಡೀಸೆಲ್ ಕಾರು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ ಮಾರಾಯ, ಗಾಳಿಯನ್ನು ಒತ್ತಿದ ಬಿಸಿಗೇ ಅಲ್ಲಿ ಹತ್ತಿಕೊಳ್ಳುತ್ತೆ ಅಂದೆ. ಅವನು ಒಂದು ಕ್ಷಣವೂ ಕಂಗಾಲಾಗಲಿಲ್ಲ. 'ಕವರ್ ಹಾಕಿದ ಮೇಲೆ ಪ್ಲಗ್ ಇದೆಯೋ ಇಲ್ಲವೋ ಯಾರಿಗೆ ಗೊತ್ತಾಗುತ್ತೆ?' ಅಂದ. ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ.

ನೇರಳೆ ಹುಲಿಗಳ ಕಥೆಗೆ ಬರೋಣ. ಕವರ್ ಬಂದು ವಾರವಾಗಿರಲಿಲ್ಲ. ಫೋಟೋ ತೆಗೆಯಲು ಎಂಜಿನ್ ಫಳಫಳ ಅನ್ನಬೇಕು ಅಂತ ಪ್ರೆಷರ್ ವಾಷ್ ಮಾಡಿಸಿದ. ನೀರು ಸೀದಾ ಪ್ಲಗ್ಗಿನ ಗುಂಡಿಗಳಿಗೆ ಇಳಿಯಿತು. ಕಾರು ಸ್ಟಾರ್ಟ್ ಆಯಿತು, ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಮಿಣಮಿಣ ಅನ್ನತೊಡಗಿತು. 'ಅದು ಮೊದಲಿಂದಲೂ ಉರೀತಿತ್ತು, ಸುಮ್ನೆ ಸೆನ್ಸರ್ ಪ್ರಾಬ್ಲಮ್' ಅಂದ.

ಗ್ಯಾರೇಜಿನವನು ಕಿವಿ ಕೊಟ್ಟು ಕೇಳಿ, 'ಮಿಸ್ಸಿಂಗ್ ಹೊಡೀತಿದೆ ಸಾರ್' ಅಂದ. ಅಂದರೆ ಎಲ್ಲೋ ಕಿಡಿ ತಪ್ಪುತ್ತಿದೆ ಅಂತ. ಎಲ್ಲನ್ ಕೀ ಹಾಕಿ ನೇರಳೆ ಕವರ್ ಬಿಚ್ಚಿದ. ಕಾಯಿಲ್‌ಗಳನ್ನು ಒಂದೊಂದೇ ಎಳೆದ. ಮೂರು ಗುಂಡಿಯಲ್ಲಿ ನೀರು. ನಾಲ್ಕನೆಯದರಲ್ಲಿ ಎಂಜಿನ್ ಆಯಿಲ್. ಟ್ಯಾಪೆಟ್ ಕವರ್ ಅನ್ನುವ ಎಂಜಿನ್ ತಲೆಯ ಮುಚ್ಚಳದ ಅಡಿಯ ರಬ್ಬರ್ ಸೀಲ್ ಗಟ್ಟಿಯಾಗಿ ಎಷ್ಟೋ ತಿಂಗಳಿಂದ ಅಲ್ಲಿ ಒಸರುತ್ತಿತ್ತು. ಅವನು ಆ ಪ್ಲಗ್ಗನ್ನು ತಿರುಗಿಸಿ ಹೊರತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಬೆಳ್ಳಗಿರಬೇಕಾದ ಪಿಂಗಾಣಿ ಕಂದು ತಿರುಗಿತ್ತು. ತುದಿ ಸವೆದು, ಉಪಯೋಗಿಸಿ ಉಪಯೋಗಿಸಿ ಮೊಂಡಾದ ಪೆನ್ಸಿಲಿನ ಹಾಗಿತ್ತು.

'ಇದನ್ನ ಯಾವಾಗ ಹಾಕಿಸಿದ್ದು ಸಾರ್?'

'ಕಂಪನಿಯಿಂದ ಬಂದಿದ್ದೇ ಇರಬೇಕು.'

'ನಾಲ್ಕೂ ಪ್ಲಗ್ ಬದಲಾಯಿಸಿ, ಸೀಲ್ ಹಾಕಿಬಿಡೋಣ.'

'ಈಗ ನೀರು ಒರೆಸಿ ಕೊಡಿ ಸಾಕು. ಈ ತಿಂಗಳು ಕಾರಿಗೆ ಖರ್ಚು ಜಾಸ್ತಿ ಆಗಿದೆ.'

ಯಾವುದಕ್ಕೆ ಅಂತ ನಾನೂ ಕೇಳಲಿಲ್ಲ, ಗ್ಯಾರೇಜಿನವನೂ ಕೇಳಲಿಲ್ಲ. ಮೇಜಿನ ಮೇಲೆ ಎರಡು ಹುಲಿಗಳು ಹಲ್ಲು ಬಿಟ್ಟುಕೊಂಡು ಕೂತಿದ್ದವು.

ಬಣ್ಣ ಬಳಿದುಕೊಳ್ಳಲಿ ಸ್ವಾಮಿ, ದುಡ್ಡು ಅವರದು. ಎಂಜಿನ್ನಿನೊಳಗೆ ನೀಲಿ ಎಲ್‌ಇಡಿ ಹಾಕಿ ಮನೆಯವರನ್ನೆಲ್ಲ ಕರೆದು ತೋರಿಸಲಿ. ಆದರೆ ರಸ್ತೆ ಅವರೊಬ್ಬರದೇ ಅಲ್ಲ. ಅದೇ ಕಾರಿನ ಟೈರ್ ನೋಡಿದೆ. ಟೈರಿನ ಗೆರೆಗಳ ನಡುವೆ ರಬ್ಬರಿನ ಚಿಕ್ಕ ದಿಬ್ಬ ಇರುತ್ತದೆ, 1.6 ಮಿಲಿಮೀಟರ್ ಎತ್ತರದ್ದು. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಎಸೆಯಬೇಕು ಅಂತ ಅರ್ಥ. ಇವನದು ಆ ಮಟ್ಟ ದಾಟಿ ನುಣ್ಣಗಾಗಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಹೀರಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಮಳೆಯಲ್ಲಿ ಈ ಕಾರು ನಿಲ್ಲದೆ ಜಾರಿ ಬಂದು ಮುಂದೆ ಬೈಕಿನಲ್ಲಿ ಹೋಗುತ್ತಿರುವವನಿಗೆ ಗುದ್ದಿದರೆ ಹುಲಿ ಬಂದು ಅಡ್ಡ ನಿಲ್ಲುತ್ತದಾ? ಇದನ್ನು ಇವನಿಗೆ ನಾಲ್ಕು ಸಲ ಹೇಳಿದ್ದೇನೆ. ನಾಲ್ಕೂ ಸಲ 'ಮಾಡಿಸ್ತೀನಿ ಬಿಡು' ಅಂದಿದ್ದಾನೆ. ಕವರ್ ವಿಷಯದಲ್ಲಿ ಒಮ್ಮೆಯೂ 'ಬಿಡು' ಅನ್ನಲಿಲ್ಲ. ಬಣ್ಣದ ಮಾದರಿ ಮೂರು ಸಲ ವಾಪಸ್ ಕಳಿಸಿ, ಹುಲಿಯ ಮೀಸೆ ಸರಿ ಮಾಡಿಸಿ ತರಿಸಿಕೊಂಡ. ನನಗೆ ಸಾಕಾಗಿದೆ.

ಮೊನ್ನೆ ಸಂಜೆ ಅವನು ನಮ್ಮ ಮನೆಯಿಂದ ಹೊರಟಾಗ ಗೇಟಿನ ಹತ್ತಿರ ನಿಂತು ನೋಡಿದೆ. ತಿರುವಿನಲ್ಲಿ ಬ್ರೇಕ್ ಒತ್ತಿದ. ಬಲಗಡೆ ದೀಪ ಹತ್ತಿತು. ಎಡಗಡೆ ಕತ್ತಲೆ. ಮನೆ ತಲುಪಿರುತ್ತಾನೆ ಅನ್ನುವ ಹೊತ್ತಿಗೆ ಫೋನ್ ಮಾಡಿ, ಎಡಗಡೆ ಬ್ರೇಕ್ ಲೈಟ್ ಹೋಗಿದೆ ಕಣೋ ಅಂದೆ.

'ಗೊತ್ತು ಗುರು' ಅಂದ. 'ಹೇಗಿದ್ರೂ ಹಿಂದಿನ ಎರಡೂ ಲೈಟಿಗೆ ಕಪ್ಪು ಫಿಲಂ ಹಾಕಿಸಬೇಕು ಅಂತಿದೀನಿ. ಬಲ್ಬು ಆವಾಗ ನೋಡಿದರಾಯ್ತು.'